ತಲೆಬರಹದ ನಂಬರನ್ನು ಕೈಯಲ್ಲಿ ಟೈಪ್ ಮಾಡಬೇಡ

ಪ್ರೀತಿಯ ತಮ್ಮ,

ಕೆರೆಗಳ ಪುಸ್ತಕದ ಕರಡು ಓದಿದೆ. ಕೆರೆಯಿಂದ ನೀರು ಬಿಡುವ ನೀರುಗಂಟಿಗಳ ಅಧ್ಯಾಯ ತುಂಬಾ ಹಿಡಿಸಿತು. ಅದು ಏಳನೆಯದಲ್ಲ, ಎರಡನೆಯದಾಗಬೇಕು. ನಿನಗೂ ಹಾಗೇ ಅನ್ನಿಸಿದೆ, ಆದರೆ ‘ನಂಬರೆಲ್ಲ ತಿದ್ದಬೇಕಲ್ಲ’ ಎಂದು ಸುಮ್ಮನಾಗಿದ್ದೀಯ. ಆ ಮಾತು ಓದಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮೊದಲ ಪುಸ್ತಕದಲ್ಲಿ ನಾನೂ 3.1, 3.2 ಎಂದು ಕೈಯಲ್ಲೇ ಹಾಕಿದ್ದೆ. ಕೊನೆಯ ವಾರ ಒಂದು ಅಧ್ಯಾಯ ಜಾಗ ಬದಲಿಸಿತು. ತಲೆಬರಹ ತಿದ್ದಿದೆ, ಒಳಗಿದ್ದ ‘4.2 ನೋಡಿ’ಗಳು ಹಾಗೇ ಅಚ್ಚಾದವು. ಇನ್ನೊಂದು ಅಧ್ಯಾಯವನ್ನಂತೂ ಬರೀ ನಂಬರಿನ ಭಯಕ್ಕೆ ತಪ್ಪು ಜಾಗದಲ್ಲೇ ಬಿಟ್ಟೆ. ಆ ನೋವು ಇವತ್ತಿಗೂ ಇದೆ.

ನೀನು ಬರೆಯಲು ಬಳಸುವ ತಂತ್ರಾಂಶ ಲಿಬ್ರೆಆಫೀಸ್ ರೈಟರ್ ಅಲ್ವಾ? ಮೊದಲು ತಲೆಬರಹಗಳಿಗೆ ಸ್ಟೈಲ್ ಕೊಡು, ಅಂದರೆ ‘ಇದು ತಲೆಬರಹ, ಇಂಥ ಹಂತದ್ದು’ ಎಂದು ರೈಟರಿಗೆ ತಿಳಿಸುವ ಗುರುತು. ಅಕ್ಷರ ದಪ್ಪ ಮಾಡಿದರೆ ಅದು ಕಣ್ಣಿಗೆ ಮಾತ್ರ ತಲೆಬರಹ, ರೈಟರಿಗೆ ಮಾಮೂಲಿ ಸಾಲು. ‘ಕೆರೆಯ ಅಂಗಗಳು’ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು 1 ಒತ್ತು, ಅದು ಹೆಡಿಂಗ್ 1. ಅದರ ಕೆಳಗಿನ ಏರಿ, ತೂಬು, ಕೋಡಿಗೆ ಕಂಟ್ರೋಲ್ ಮತ್ತು 2. ಹಳೆಯ ನಂಬರುಗಳನ್ನು ಅಳಿಸು, ಇಲ್ಲದಿದ್ದರೆ ‘3.1 3.1 ಏರಿ’ ಎಂದು ಎರಡೆರಡು ಸಲ ಬರುತ್ತದೆ.

ಆಮೇಲೆ ಟೂಲ್ಸ್ ಮೆನುವಿನ ಹೆಡಿಂಗ್ ನಂಬರಿಂಗ್ ತೆರೆ. ಹಳೆಯ ಆವೃತ್ತಿಯಲ್ಲಿ ಇದರ ಹೆಸರು ಚಾಪ್ಟರ್ ನಂಬರಿಂಗ್. ಎಡಗಡೆ ಲೆವೆಲ್ 1 ಆರಿಸಿ ನಂಬರ್ ಜಾಗದಲ್ಲಿ 1, 2, 3 ಕೊಡು. ಲೆವೆಲ್ 2ಕ್ಕೂ ಅದನ್ನೇ ಕೊಡು, ಜೊತೆಗೆ ‘ಶೋ ಸಬ್‌ಲೆವೆಲ್ಸ್’ ಎಂಬಲ್ಲಿ 2 ಹಾಕು. ಜಾಸ್ತಿ ಜನ ಎಡವುವುದು ಇಲ್ಲೇ. ಅಲ್ಲಿ 1 ಉಳಿದರೆ ತೂಬಿನ ಮುಂದೆ 3.2 ಬರುವುದಿಲ್ಲ, ಬರೀ 2 ಬರುತ್ತದೆ. ಮೂರು ಹಂತ ಸಾಕು, ಅದಕ್ಕಿಂತ ಆಳಕ್ಕೆ ಹೋದರೆ ಓದುಗರಿಗೆ ದಾರಿ ತಪ್ಪುತ್ತದೆ.

ಅಕ್ಷರದ ಗಾತ್ರವನ್ನು ಸ್ಟೈಲಿನಲ್ಲೇ ಬದಲಿಸು. ಅಲ್ಲಿ ಫಾಂಟ್ ಆರಿಸುವ ಕಡೆ ಬೇರೆ ಬೇರೆ ಲಿಪಿಗಳಿಗೆ ಬೇರೆ ಭಾಗಗಳಿವೆ. ಕನ್ನಡಕ್ಕೆ ಲೆಕ್ಕವಾಗುವುದು ಕಾಂಪ್ಲೆಕ್ಸ್ ಭಾಗ, ವೆಸ್ಟರ್ನ್ ಅಲ್ಲ.

ಇನ್ನು ‘4.2 ನೋಡಿ’ಯ ಮಾತು. ಆ ನಂಬರನ್ನೂ ಟೈಪ್ ಮಾಡಬೇಡ. ಇನ್ಸರ್ಟ್ ಮೆನುವಿನ ಕ್ರಾಸ್-ರೆಫರೆನ್ಸ್‌ನಲ್ಲಿ ಹೆಡಿಂಗ್ಸ್ ಆರಿಸಿ ನಂಬರ್ ಸೇರಿಸು. ಏನಾದರೂ ಬದಲಾದ ಮೇಲೆ ಎಫ್9 ಒತ್ತು, ಎಲ್ಲವೂ ಸರಿಹೋಗುತ್ತದೆ. ಪರಿವಿಡಿಯನ್ನು ಮಾತ್ರ ಬೇರೆಯಾಗಿ ಅಪ್‌ಡೇಟ್ ಮಾಡು.

ಇಷ್ಟಾದ ಮೇಲೆ ಎಫ್5 ಒತ್ತಿದರೆ ತಲೆಬರಹಗಳ ಪಟ್ಟಿ ತೋರಿಸುವ ನ್ಯಾವಿಗೇಟರ್ ತೆರೆಯುತ್ತದೆ. ಅದರಲ್ಲಿ ನೀರುಗಂಟಿಗಳ ತಲೆಬರಹ ಹಿಡಿದು ಮೇಲಕ್ಕೆ ಎಳೆ. ಇಡೀ ಅಧ್ಯಾಯ ಜೊತೆಗೇ ಬರುತ್ತದೆ, ನಂಬರುಗಳೂ ಬದಲಾಗುತ್ತವೆ. ಹಾಗೆ ಮಾಡಿ ಒಮ್ಮೆ ಕಳಿಸು. ನೀರು ಬಿಡುವವರ ಕಥೆ ಮೊದಲೇ ಬಂದರೆ ತೂಬಿನ ಭಾಗ ಹೇಗೆ ಓದಿಸಿಕೊಳ್ಳುತ್ತದೆ ಎಂದು ನೋಡುವ ಆಸೆ ನನಗೆ.

ನಿನ್ನ,
ಅಣ್ಣ