ಆಶ್ರಯ ಕೋರಿ ಬಂದವರ ಅರ್ಜಿ ನೋಡಲು ಹೊರಟ ನಿನಗೆ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದ. ಎಲ್‌ಎಲ್‌ಬಿ ಮುಗಿಸಿದ ನೀನು ಪರದೇಶದಿಂದ ಆಶ್ರಯ ಕೋರಿ ಬಂದವರ ಅರ್ಜಿ ವಿಚಾರಿಸುವ ಕೆಲಸಕ್ಕೆ ಸೇರಬೇಕು ಅಂತಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ಗಾಬರಿ, ನನಗೆ ಸಂತೋಷ. ಅವಳ ಹತ್ತಿರ ನಾನು ಮಾತಾಡುತ್ತೇನೆ, ಆ ಚಿಂತೆ ಬಿಡು.

ಮೊದಲು ಕೆಲಸ ಎಲ್ಲಿದೆ ಅಂತ ತಿಳಿದುಕೋ. ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಎಫ್‌ಆರ್‌ಆರ್‌ಒ ಕಚೇರಿ ವಿದೇಶಿಯರ ನೋಂದಣಿ, ವೀಸಾ ನೋಡಿಕೊಳ್ಳುತ್ತದೆ. ನೀನು ಹುಡುಕುವ ಕೆಲಸ ಅಲ್ಲಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಬೈಲಕುಪ್ಪೆಯ ಟಿಬೆಟನ್ನರನ್ನು, ಶ್ರೀಲಂಕಾದ ತಮಿಳರನ್ನು ಸರ್ಕಾರವೇ ನೋಡಿಕೊಂಡು ಬಂದಿದೆ. ಆಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ ಕಡೆಯವರ ಅರ್ಜಿ ವಿಚಾರಿಸುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್. ಅದರ ಮುಖ್ಯ ಕಚೇರಿ ದೆಹಲಿಯಲ್ಲಿದೆ. ಅಂದರೆ ಬೆಂಗಳೂರು ಬಿಡಬೇಕಾಗಬಹುದು. ಹಣದ ಕೊರತೆಯಿಂದ ಆ ಸಂಸ್ಥೆ 2025ರಲ್ಲಿ ಜಗತ್ತಿನಾದ್ಯಂತ ಸುಮಾರು 3,500 ಹುದ್ದೆಗಳನ್ನು ಕಡಿತ ಮಾಡಿದೆ. ಬೇಗ ಕೆಲಸ ಸಿಗುತ್ತದೆ ಅಂತ ನಾನು ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. ವಿಶ್ವಸಂಸ್ಥೆ ಯಾರ ಹತ್ತಿರವೂ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಇನ್ನು ಕೆಲಸದ ವಿಷಯ. ಕೋರ್ಟಿನಲ್ಲಿ ಸ್ಟೆನೋ ಆಗಿ ಸಾಕ್ಷಿಗಳ ಮಾತು ಬರೆದುಕೊಂಡೇ ನನ್ನ ಸರ್ವೀಸ್ ಕಳೆಯಿತು. ಅಲ್ಲಿ ಎರಡು ಕಡೆಯ ವಕೀಲರು, ದಾಖಲೆ, ಪಾಟೀಸವಾಲು ಎಲ್ಲಾ ಇರುತ್ತದೆ. ನಿನ್ನ ಮುಂದೆ ಕೂರುವವರ ಹತ್ತಿರ ಎಷ್ಟೋ ಸಲ ಒಂದು ಕಾಗದವೂ ಇರುವುದಿಲ್ಲ. ರಾತ್ರೋರಾತ್ರಿ ಮನೆ ಬಿಟ್ಟವರು ಸಾಕ್ಷಿ ಎಲ್ಲಿಂದ ತಂದಾರು? ಅವರ ಮಾತೇ ಅವರ ಸಾಕ್ಷಿ. ಅದಕ್ಕೇ ಹೇಳುತ್ತೇನೆ, ಇಲ್ಲಿ ಕನಿಕರ ಒಂದೇ ಸಾಲದು. ಸರಿಯಾಗಿ ಕೇಳಬೇಕು, ಕೇಳಿದ್ದನ್ನು ಸರಿಯಾಗಿ ಬರೆಯಬೇಕು.

ತಾರೀಕುಗಳ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು. ಮೊದಲ ಸಲ ಒಂದು ವರ್ಷ ಹೇಳಿದರು, ಎರಡನೇ ಸಲ ಇನ್ನೊಂದು ಹೇಳಿದರು, ಹಾಗಾದರೆ ಸುಳ್ಳು ಅಂತ ತೀರ್ಮಾನಿಸುವುದು ಸುಲಭ. ಆದರೆ ಆಫ್ಘಾನಿಸ್ತಾನದವರು ಬಳಸಿಕೊಂಡು ಬಂದ ಪಂಚಾಂಗದಲ್ಲಿ ಹೊಸ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ, ನೌರೋಜ್ ದಿನ. ಇಥಿಯೋಪಿಯಾದವರ ವರ್ಷಕ್ಕೆ 13 ತಿಂಗಳು, ಅವರ ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ದುಭಾಷಿ ಅವಸರದಲ್ಲಿ ಲೆಕ್ಕ ತಪ್ಪಿದರೆ ಆ ಮನುಷ್ಯನ ಬದುಕೇ ತಪ್ಪುತ್ತದೆ. ನಮ್ಮ ಊರಿನಲ್ಲೇ ನೋಡು, ನನ್ನ ಓರಗೆಯವರಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಅದು. ಅವರಲ್ಲಿ ಯಾರೂ ಸುಳ್ಳುಗಾರರಲ್ಲ, ಅಲ್ವಾ?

ಹೊಡೆತ ತಿಂದವರಿಗೆ, ಮಾನಭಂಗಕ್ಕೆ ಒಳಗಾದವರಿಗೆ ಒಂದು ಬಾಗಿಲಿನ ಬಣ್ಣ ನೆನಪಿರುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ನೆನಪಿರುವುದಿಲ್ಲ. ಮಾತಿನಲ್ಲಿ ವ್ಯತ್ಯಾಸ ಕಂಡರೆ ಅವರ ಮುಂದೆಯೇ ಇಡು, ವಿವರಿಸಲು ಅವಕಾಶ ಕೊಡು. ಯುಎನ್‌ಎಚ್‌ಸಿಆರ್‌ನ 1979ರ ಕೈಪಿಡಿಯೇ ಹೇಳುತ್ತದೆ: ತನ್ನ ಮಾತನ್ನು ಸಾಬೀತು ಮಾಡುವ ಹೊಣೆ ಅರ್ಜಿದಾರರದ್ದೇ ಆದರೂ, ಸತ್ಯ ಹುಡುಕುವ ಕೆಲಸದಲ್ಲಿ ವಿಚಾರಿಸುವವರಿಗೂ ಪಾಲಿದೆ ಅಂತ. ಇದನ್ನು ಮನಸ್ಸಿನಲ್ಲಿ ಇಟ್ಟುಕೋ. ಪ್ರಶ್ನೆ ಕೇಳುವಾಗ ದುಭಾಷಿಯ ಮುಖ ನೋಡಬೇಡ, ಅರ್ಜಿದಾರರ ಮುಖ ನೋಡು. ದುಭಾಷಿ ಯಾವ ಪಂಗಡದವರು, ಅವರ ಮುಂದೆ ಬಾಯಿಬಿಡಲು ಇವರಿಗೆ ಭಯವೇ ಅಂತ ಮೊದಲೇ ವಿಚಾರಿಸು. ವಿಚಾರಿಸುವವರು, ದುಭಾಷಿ ಹೆಂಗಸರೇ ಆಗಿರಲಿ ಅಂತ ಅರ್ಜಿ ಹಾಕಿದ ಹೆಂಗಸರು ಬಯಸಿದರೆ ಆ ಏರ್ಪಾಡು ಮಾಡಿಸು.

ಕಷ್ಟದ ಮಾತೊಂದಿದೆ. ಎಲ್ಲರಿಗೂ ಹೂಂ ಅನ್ನಲು ಆಗುವುದಿಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರಿಂದ ಕಿರುಕುಳದ ಭಯ ಇರಬೇಕು ಅನ್ನುತ್ತದೆ 1951ರ ಆ ಒಪ್ಪಂದ. ಬರೀ ಬಡತನ ಅದರೊಳಗೆ ಬರುವುದಿಲ್ಲ. ಬಡತನವೂ ದೊಡ್ಡ ಸಂಕಟವೇ ಅಂತ ನಿನಗೆ ಹೊಟ್ಟೆ ಉರಿಯುತ್ತದೆ. ಆದರೂ ಇಲ್ಲ ಅಂತ ಬರೆಯಬೇಕಾದ ದಿನ ಬರುತ್ತದೆ. ಆಗ ಕಾರಣವನ್ನು ತಿಳಿಯಾಗಿ ಬರೆ. ಅವರಿಗೆ ಅಪೀಲು ಹೋಗುವ ಹಕ್ಕಿದೆ, ಅದನ್ನು ನೋಡುವವರು ಬೇರೆ ಅಧಿಕಾರಿ. ನಿನ್ನ ಬರಹ ಗೋಜಲಾಗಿದ್ದರೆ ಅರ್ಜಿದಾರರು ಅಪೀಲಿನಲ್ಲಿ ಯಾವುದಕ್ಕೆ ಉತ್ತರ ಕೊಡಬೇಕು?

ಅಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳಬೇಡ. ನನಗೂ ಹೇಳಬೇಡ. ಒಂದು ಹೆಸರು ಹೊರಬಿದ್ದರೆ ಊರಲ್ಲಿ ಉಳಿದ ಅವರ ಮನೆಯವರಿಗೆ ಅಪಾಯ. ಆದರೆ ನಿದ್ದೆ ಬರದಿದ್ದರೆ ಬಚ್ಚಿಡಬೇಡ. ಮೇಲಿನವರಿಗೆ ಹೇಳು, ಆಪ್ತಸಲಹೆಗಾರರನ್ನು ಕಾಣು. ಇದು ಒಬ್ಬಳೇ ಹೊರುವ ಭಾರವಲ್ಲ.

ಈಗಲೇ ಶುರು ಮಾಡಬಹುದಾದ್ದೂ ಇದೆ. ಇಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸ್ವಯಂಸೇವಕಿಯಾಗು. ಬಡವರ ದೂರು ಕೇಳಿ ಬರೆದು ರೂಢಿಯಾಗಲಿ. ದೆಹಲಿಯಲ್ಲಿ ನಿರಾಶ್ರಿತರಿಗೆ ಕಾನೂನು ನೆರವು ಕೊಡುವ ಸಂಸ್ಥೆಗಳಿಗೂ ಬರೆ. ವಿಶ್ವಸಂಸ್ಥೆಯ ಯುಎನ್ ವಾಲಂಟಿಯರ್ ಹುದ್ದೆಗಳನ್ನು ಗಮನಿಸುತ್ತಿರು. ಒಂದು ದೇಶ ಆರಿಸಿಕೊಂಡು ಅದರ ಊರು, ಪಂಗಡ, ಹಬ್ಬ, ಜಗಳ ಎಲ್ಲಾ ಓದು. ಆಫ್ಘಾನಿಸ್ತಾನವನ್ನು ಆರಿಸಿಕೊಂಡರೆ ಅಲ್ಲಿನ ದರಿ ಭಾಷೆಯ ಲಿಪಿಯನ್ನಾದರೂ ಕಲಿ.

ಅರ್ಜಿ ಕಳಿಸುವ ಮುಂಚೆ ನನಗೊಮ್ಮೆ ತೋರಿಸು. ಸೇವೆ ಮಾಡುವ ಹಂಬಲ ಅಂತ ಪುಟ ತುಂಬಿಸಬೇಡ. ಎಂಥವರ ಹೇಳಿಕೆ ಬರೆದುಕೊಂಡೆ, ಯಾವ ದೇಶದ ಬಗ್ಗೆ ಏನು ಓದಿದೆ, ಯಾವ ಭಾಷೆ ಎಷ್ಟು ಬರುತ್ತದೆ, ಅಷ್ಟನ್ನು ಬರೆ.

ಇಂತಿ,
ನಿನ್ನ ದೊಡ್ಡಮ್ಮ