ಅಳಿಯನಿಗೊಂದು ಕಾಗದ: ಲೇಲೆ ಮೈದಾನದ ಮಕ್ಕಳ ಬಗ್ಗೆ

ಬೈಲಹೊಂಗಲ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಹೋದ ರವಿವಾರ ಬೆಳಗಾವಿಗೆ ಬಂದಾಗ ನಿನಗೆ ಹೇಳದೆ ಲೇಲೆ ಮೈದಾನಕ್ಕೆ ಬಂದು, ಒಂದು ಬದಿಗೆ ಕುಳಿತು ನಿನ್ನ ಫುಟ್‌ಬಾಲ್ ಕೋಚಿಂಗ್ ನೋಡಿದೆ. ಅಷ್ಟು ಮುಂಜಾನೆ ಇಪ್ಪತ್ತು ಮಕ್ಕಳನ್ನು ಸೇರಿಸಿದ್ದೀಯಲ್ಲ, ಎದೆ ತುಂಬಿ ಬಂತು. ಆದರೆ ಒಂದೆರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಮಕ್ಕಳ ತಂದೆತಾಯಿಗಳ ಎದುರು ಹೇಳುವುದು ಸರಿಯಲ್ಲ. ಫೋನಿನಲ್ಲಿ ಹೇಳಿದರೆ "ಹೂಂ ಮಾಮಾ" ಅಂದು ಮುಗಿಸುತ್ತೀ. ಅದಕ್ಕೇ ಈ ಕಾಗದ.

ಸಾಲಿನ ಕೊನೆಗೆ ಹಳದಿ ಟೀಶರ್ಟಿನ ಒಂದು ಹುಡುಗಿ ನಿಂತಿತ್ತು, ಎಂಟೊಂಬತ್ತು ವರ್ಷದ್ದು. ಇಪ್ಪತ್ತೂ ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಕೋನ್‌ಗಳ ನಡುವೆ ಒಬ್ಬೊಬ್ಬರನ್ನೇ ಬಿಡುತ್ತಿದ್ದೆ ನೀನು. ನಾನು ಆ ಹುಡುಗಿಯನ್ನಷ್ಟೇ ನೋಡುತ್ತ ಎಣಿಸಿದೆ. ಅರ್ಧ ತಾಸಿನಲ್ಲಿ ಅವಳ ಪಾಳಿ ಬಂದದ್ದು ನಾಲ್ಕು ಸಲ. ಉಳಿದ ಹೊತ್ತೆಲ್ಲ ಬೂಟಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದಳು, ಲೇಸು ಬಿಚ್ಚಿ ಮತ್ತೆ ಕಟ್ಟಿದಳು, ಮುಂದಿನವಳ ಜಡೆ ಎಳೆದು ನಿನ್ನಿಂದ ಬೈಸಿಕೊಂಡಳು. ತಪ್ಪು ಆ ಮಗುವಿನದಲ್ಲ ತಮ್ಮಾ. ಚೆಂಡು ಆಡಲೆಂದು ಎದ್ದು ಬಂದ ಮಗುವಿಗೆ ರೇಷನ್ ಅಂಗಡಿಯ ಪಾಳಿ ಕೊಟ್ಟೆವು.

ಇಪ್ಪತ್ತು ಮಕ್ಕಳೆಂದರೆ ಐದೈದರ ನಾಲ್ಕು ತಂಡ, ಒಟ್ಟಿಗೆ ಎರಡು ಆಟ. ಒಂದೊಂದು ಆಟಕ್ಕೂ ನಾಲ್ಕು ಚಪ್ಪಲಿ ಇಟ್ಟರೆ ಎರಡು ಗೋಲು ಆಯಿತು. ಆಟ ಚಿಕ್ಕದಾದಷ್ಟೂ ಪ್ರತಿ ಕಾಲಿಗೂ ಚೆಂಡು ಹೆಚ್ಚು ಸಲ ತಾಗುತ್ತದೆ, ಅಡಗಿ ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2018ರಲ್ಲಿ ಶುರು ಮಾಡಿದ ಗೋಲ್ಡನ್ ಬೇಬಿ ಲೀಗ್‌ನಲ್ಲೂ ಮಕ್ಕಳಿಗೆ ಚಿಕ್ಕ ತಂಡ, ಚಿಕ್ಕ ಅಂಗಳವೇ ಇತ್ತು. ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರ ಕೆಳಗೆ ಒಂಬತ್ತು ವರ್ಷದ ಹುಡುಗನನ್ನು ನಿಲ್ಲಿಸಿ, ತಲೆಯ ಮೇಲಿಂದ ಹೋದ ಚೆಂಡಿಗೆ ಅವನನ್ನು ಅಳಿಸುವುದು ಯಾವ ನ್ಯಾಯ? ಗೋಲ್‌ಕೀಪರ್ ಜಾಗಕ್ಕೂ ದಪ್ಪಗಿರುವ ಒಬ್ಬನನ್ನೇ ಕಾಯಂ ಮಾಡಬೇಡ. ಎಲ್ಲರೂ ಸರದಿ ಪ್ರಕಾರ ನಿಲ್ಲಲಿ.

ಚೆಂಡಿನ ಮಾತು ಬಂತೆಂದು ಹೇಳುತ್ತೇನೆ. ನಿನ್ನ ಚೀಲದಲ್ಲಿ ಇದ್ದದ್ದೆಲ್ಲ 5ನೇ ಸೈಜು. ಅದು 410ರಿಂದ 450 ಗ್ರಾಂ ತೂಗುತ್ತದೆ, ದೊಡ್ಡವರ ಚೆಂಡು. ಎಂಟರಿಂದ ಹನ್ನೆರಡರವರಿಗೆ 4ನೇ ಸೈಜು, ಅದಕ್ಕೂ ಚಿಕ್ಕವರಿಗೆ 3. ಮಳೆಗಾಲದಲ್ಲಿ ಬೆಳಗಾವಿಯ ಒದ್ದೆ ಮೈದಾನದಲ್ಲಿ ಆ ದೊಡ್ಡ ಚೆಂಡು ಕಲ್ಲಿನಂತೆ ಬರುತ್ತದೆ, ಮಗು ಕಾಲು ಹಿಂದಕ್ಕೆ ಎಳೆದುಕೊಳ್ಳುವುದನ್ನು ಕಲಿಯುತ್ತದೆ.

ಈಗ ಮುಖ್ಯ ಮಾತು. ಆಮೇಲೆ ಮ್ಯಾಚ್ ಆಡಿಸಿದೆಯಲ್ಲ, ಆಗ ಒಬ್ಬ ಸಣ್ಣ ಹುಡುಗ ಚೆಂಡು ಕಾಲಲ್ಲಿ ಇಟ್ಟುಕೊಂಡು ಬಂದ. ಬಲಕ್ಕೆ ಎದುರಾಳಿ, ಎಡಕ್ಕೆ ತನ್ನವನೇ ಒಬ್ಬ ಖಾಲಿ ನಿಂತಿದ್ದ. ಹುಡುಗನ ಕಣ್ಣು ಆ ಕಡೆ ಹೊರಳುತ್ತಿತ್ತು, ನಾನು ನೋಡಿದೆ. ಅಷ್ಟರಲ್ಲಿ ನೀನು "ಹೊಡಿಯೋ! ಪಾಸ್ ಕೊಡೋ! ಹಿಂದ ಬಾ!" ಅಂತ ಮೂರೂ ಮಾತು ಒಂದೇ ಉಸಿರಿಗೆ ಕೂಗಿದೆ. ಅವನು ತಲೆಯೆತ್ತಿ ನಿನ್ನ ಮುಖ ನೋಡಿದ. ಚೆಂಡು ಹೋಯಿತು. ಮೈದಾನ ನೋಡಬೇಕಾದ ಕಣ್ಣು ನಿನ್ನನ್ನು ನೋಡಿತು.

ನಾನೂ ಹಾಗೆಯೇ ಕೂಗಿದವನು. ಪಿಟಿ ಮಾಸ್ತರನಾಗಿ ಸೇರಿದ ಹೊಸದರಲ್ಲಿ ನನ್ನ ತಂಡದಲ್ಲಿ ಒಬ್ಬ ಎಡಗಾಲಿನ ಹುಡುಗನಿದ್ದ. ಇಬ್ಬರನ್ನು ದಾಟಿಸಿ ಮೂರನೆಯವನ ಹತ್ತಿರ ಪ್ರತಿ ಸಲ ಚೆಂಡು ಕಳೆದುಕೊಳ್ಳುತ್ತಿದ್ದ. ಒಂದು ಮ್ಯಾಚಿನಲ್ಲಿ ಎಲ್ಲರೆದುರು ಬೈದು ಹೊರಗೆ ಕೂರಿಸಿದೆ. ಮ್ಯಾಚ್ ಗೆದ್ದೆವು. ಮರುದಿನದಿಂದ ಆ ಹುಡುಗ ಮೈದಾನಕ್ಕೆ ಬರಲಿಲ್ಲ. ಎರಡು ವಾರದ ಮೇಲೆ ಮನೆಗೆ ಹೋಗಿ ಕರೆದೆ. ಬಾಗಿಲ ಹಿಂದೆ ನಿಂತು "ಬ್ಯಾಡ್ರಿ ಸರ್" ಅಂದ, ಅಷ್ಟೇ. ಅವತ್ತಿನ ಗೆಲುವಿನ ಸ್ಕೋರು ನನಗೆ ನೆನಪಿಲ್ಲ. ಆ ಬಾಗಿಲು ನೆನಪಿದೆ.

ಅದಕ್ಕೇ ಹೇಳುತ್ತೇನೆ, ಆಟ ನಡೆದಾಗ ಬಾಯಿ ಕಟ್ಟು. ನಿಂತಾಗ ಹೇಳು, ಅದೂ ಒಂದೇ ಮಾತು. ಅಪ್ಪಣೆ ಕೊಡುವುದಕ್ಕಿಂತ ಕೇಳು: "ಆಗ ನಿನಗ ಯಾರು ಕಂಡ್ರು?" ಅಂತ. ಮಗು ತಾನೇ ಹೇಳುತ್ತದೆ. ನಿನ್ನ ಹತ್ತಿರ ಕನ್ನಡದವರು, ಮರಾಠಿಯವರು, ಉರ್ದುವಿನವರು ಎಲ್ಲ ಮಕ್ಕಳೂ ಬರುತ್ತಾರೆ. ಉದ್ದ ಭಾಷಣ ಅರ್ಧ ಮಕ್ಕಳಿಗೆ ಮುಟ್ಟುವುದೇ ಇಲ್ಲ, ಕಾಲಿನಿಂದ ಮಾಡಿ ತೋರಿಸಿದರೆ ಎಲ್ಲರಿಗೂ ತಿಳಿಯುತ್ತದೆ.

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರನ್ನು ನೆನೆಸಿಕೋ. ಅವರೂ ಶಾಲಾ ಮಾಸ್ತರರಾಗಿದ್ದವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡವನ್ನು ನಾಲ್ಕನೇ ಸ್ಥಾನಕ್ಕೆ ಒಯ್ದರು, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು. ಒಗ್ಗದ ಕಾಲಿನಿಂದಲೇ ಆಡಬೇಕೆಂಬ ಪಂದ್ಯಗಳನ್ನು ಅವರು ನಡೆಸುತ್ತಿದ್ದರು. ನೀನೂ ವಾರಕ್ಕೊಂದು ದಿನ ಹಾಗೆ ಆಡಿಸು. ಚೆನ್ನಾಗಿ ಆಡುವವನೂ ಆಡಲು ಬಾರದವನೂ ಅವತ್ತು ಒಂದೇ ಆಗುತ್ತಾರೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಗಿಡ್ಡ ಮಕ್ಕಳನ್ನು ಬದಿಗೆ ಸರಿಸಬೇಡ. ಒಂದೇ ವಯೋಮಿತಿಯಲ್ಲಿ ಜನವರಿಗೆ ಹುಟ್ಟಿದವನಿಗೂ ಡಿಸೆಂಬರಿಗೆ ಹುಟ್ಟಿದವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇರುತ್ತದೆ. ಹತ್ತನೇ ವಯಸ್ಸಿಗೆ ಅದು ದೊಡ್ಡ ಅಂತರ. ಈಗ ಮೈ ದೊಡ್ಡದಿದ್ದವನೇ ಆಟಗಾರ ಅಂದುಕೊಂಡರೆ ಮೋಸ ಹೋಗುತ್ತೀ.

ಹೆಡ್ಡಿಂಗ್ ಬಿಟ್ಟುಬಿಡು. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಬೇತಿಯಲ್ಲಿ ತಲೆಯಿಂದ ಹೊಡೆಸಬೇಡಿ ಎಂದೇ ಹೇಳಿದ್ದಾರೆ. ಬೆಳೆಯುವ ಹುಡುಗರು ಮೊಣಕಾಲ ಚಿಪ್ಪಿನ ಕೆಳಗೆ ನೋವು ಅಂದರೆ ಸೋಮಾರಿ ಅನ್ನಬೇಡ, ಎಲುಬು ಬೆಳೆಯುವ ವಯಸ್ಸಿನ ನೋವು ಅದು. ಓಟ ಕಡಿಮೆ ಮಾಡಿಸು, ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳು.

ಇನ್ನೊಂದು. ಗೆರೆಯ ಹೊರಗೆ ನಿಂತ ಒಬ್ಬ ತಂದೆ "ಗೋಲ್ ಹೊಡಿ, ಅರ್ಧ ಕಿಲೋ ಕುಂದಾ ಕೊಡಸ್ತೇನಿ" ಅಂತ ಮಗನಿಗೆ ಕೂಗಿದ್ದು ಕೇಳಿದೆ. ಪ್ರೀತಿಯಿಂದಲೇ ಕೂಗಿದರು. ಆದರೆ ಆಮೇಲೆ ಆ ಹುಡುಗ ಒಬ್ಬನಿಗೂ ಚೆಂಡು ಬಿಡಲಿಲ್ಲ. ಅವರನ್ನು ಒಂದು ದಿನ ಚಹಾಕ್ಕೆ ಕರೆ. ಕುಂದಾ ತಂದರೆ ಇಪ್ಪತ್ತೂ ಮಕ್ಕಳಿಗೆ ತನ್ನಿ ಅಂತ ಗೌರವದಿಂದ ಹೇಳು, ಕೇಳುತ್ತಾರೆ.

4ನೇ ಸೈಜಿನ ಆರು ಚೆಂಡಿಗೆ ದುಡ್ಡು ನಿನ್ನ ಅವ್ವನ ಹತ್ತಿರ ಕೊಟ್ಟು ಬಂದಿದ್ದೇನೆ, ಇಸಿದುಕೋ. ಮುಂದಿನ ತಿಂಗಳು ಮತ್ತೆ ಬರುತ್ತೇನೆ. ಆ ಹಳದಿ ಟೀಶರ್ಟಿನ ಹುಡುಗಿಯನ್ನು ಅಷ್ಟರೊಳಗೆ ಬಿಟ್ಟುಹೋಗಲು ಬಿಡಬೇಡ.

ನಿನ್ನ ಮಾಮಾ