ಹನಾಮಿಕೊಜಿಯಲ್ಲಿ ಓದುಗರನ್ನು ಕಾಯಲು ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕ್ಯೋಟೊ ಪ್ರವಾಸದ ಲೇಖನ ಓದಿದೆ. ದೇವಸ್ಥಾನಗಳ ಭಾಗ ಚೆನ್ನಾಗಿತ್ತು. ಆದರೆ ‘ಸಂಜೆ ಗಿಯೊನ್‌ನ ಹನಾಮಿಕೊಜಿ ಬೀದಿಯಲ್ಲಿ ಕಾದು ನಿಲ್ಲಿ, ಪಕ್ಕದ ಗಲ್ಲಿಗಳಲ್ಲೂ ಇಣುಕಿ, ಗೇಷಾ ಜೊತೆ ಸೆಲ್ಫಿ ಗ್ಯಾರಂಟಿ’ ಅನ್ನುವ ಸಾಲಿಗೆ ಬಂದಾಗ ಕಾಫಿ ಲೋಟ ಕೆಳಗಿಟ್ಟೆ. ಗೇಷಾ ಅಂದರೆ ಕೂಟಗಳಲ್ಲಿ ಹಾಡಿ ಕುಣಿಯುವ ಕಲಾವಿದೆ, ಗಿಯೊನ್ ಅವರು ಕೆಲಸ ಮಾಡುವ ಬಡಾವಣೆ. ನಾನು ಕ್ಯೋಟೊಗೆ ಬಂದು ಒಂಬತ್ತು ವರ್ಷ. ಆಫೀಸು ಮುಗಿಸಿ ಮನೆಗೆ ಹೋಗುವುದು ಅದೇ ಬೀದಿಯಲ್ಲಿ. ಹಾಗೆ ಕಾದು ನಿಂತವರನ್ನು ದಿನಾ ನೋಡುತ್ತೇನೆ.

ಮೊದಲು ಫೋಟೊ ವಿಷಯ ಹೇಳಿಬಿಡುತ್ತೇನೆ. ‘ಕ್ಯೋಟೊದ ಗೇಷಾಗಳು’ ಅಂತ ಅಡಿಬರಹ ಕೊಟ್ಟಿದ್ದೀರಿ. ಅವರಿಬ್ಬರೂ ಬಾಡಿಗೆ ಕಿಮೊನೊ ತೊಟ್ಟ ಪ್ರವಾಸಿಗರು. ನಡುಮಧ್ಯಾಹ್ನ ರಸ್ತೆ ಮಧ್ಯೆ ನಿಂತು ಪೇಪರ್ ಕಪ್‌ಗೆ ಸ್ಟ್ರಾ ಹಾಕಿ ಹೀರುತ್ತಿದ್ದಾರೆ. ನಿಜವಾದ ಗೇಷಾಗಳು ಕೆಲಸದ ಉಡುಪಿನಲ್ಲಿ ಹಾಗೆ ನಿಂತದ್ದನ್ನು ನಾನಂತೂ ಒಂದು ದಿನವೂ ಕಂಡಿಲ್ಲ. ಒಬ್ಬಳು ಅರ್ಧ ತಿರುಗಿದ್ದರಿಂದ ಬೆನ್ನೂ ಕಾಣುತ್ತದೆ. ಗುರುತು ಹಿಡಿಯಲು ಅಷ್ಟೇ ಸಾಕು. ಮೈಕೊ, ಅಂದರೆ ಇನ್ನೂ ಕಲಿಯುತ್ತಿರುವ ಹುಡುಗಿ, ಕಟ್ಟುವ ಸೊಂಟಪಟ್ಟಿ ಐದು ಮೀಟರಿಗೂ ಜಾಸ್ತಿ ಉದ್ದ. ಬೆನ್ನ ಹಿಂದೆ ಹೆಚ್ಚುಕಡಿಮೆ ಹಿಮ್ಮಡಿಯ ತನಕ ಜೋತಾಡುತ್ತದೆ. ಅದರ ತುದಿಯಲ್ಲಿ ಅವಳು ವಾಸವಿರುವ ಮನೆಯ, ಅಂದರೆ ಒಕಿಯಾದ, ಮುದ್ರೆ ಇರುತ್ತದೆ. ಹಿಂದಿನ ಕಾಲದಲ್ಲಿ ತೀರಾ ಚಿಕ್ಕ ಮಕ್ಕಳೇ ಮೈಕೊ ಆಗುತ್ತಿದ್ದರಂತೆ. ದಾರಿ ತಪ್ಪಿದರೆ ಯಾರ ಮನೆ ಕೂಸು ಅಂತ ಗೊತ್ತಾಗಲಿ ಅಂತ ಆ ಮುದ್ರೆ, ಅನ್ನುತ್ತಾರೆ ನಮ್ಮ ಪಕ್ಕದ ಮನೆ ಅಜ್ಜಿ. ಮೈಕೊ ತನ್ನ ಸ್ವಂತ ಕೂದಲನ್ನೇ ಎತ್ತಿ ಕಟ್ಟಿಸಿಕೊಳ್ಳುತ್ತಾಳೆ. ಅದು ಕೆಡಬಾರದು ಅಂತ ಎತ್ತರದ ದಿಂಬಿನ ಮೇಲೆ ಕತ್ತಿಟ್ಟು ಮಲಗುತ್ತಾಳೆ. ನಿಮ್ಮ ಫೋಟೊದಲ್ಲಿ ವಿಗ್‌ನ ಅಂಚು ಕಿವಿ ಹತ್ತಿರ ಎದ್ದಿತ್ತು.

ಅಂದಹಾಗೆ ಕ್ಯೋಟೊದಲ್ಲಿ ಅವರನ್ನು ಗೇಷಾ ಅನ್ನುವುದಿಲ್ಲ, ಗೇಕೊ ಅನ್ನುತ್ತಾರೆ. ‘ಗೇ’ ಅಂದರೆ ಕಲೆ. ‘ಗಂಡಸರನ್ನು ಖುಷಿಪಡಿಸುವ ಕಸುಬು’ ಅಂತ ನಿಮ್ಮ ಲೇಖಕರು ಒಂದೇ ಏಟಿಗೆ ಮುಗಿಸಿದ್ದಾರೆ. ಗೇಷಾ ಅನ್ನುವ ಹೆಸರು ಮೊದಲು ಇದ್ದದ್ದೇ ಗಂಡಸರಿಗೆ, ಕೂಟಗಳಲ್ಲಿ ಹಾಡಿ ನಗಿಸುತ್ತಿದ್ದವರಿಗೆ. ಸೊಂಟಪಟ್ಟಿಯ ಗಂಟನ್ನು ಮುಂದೆ ಕಟ್ಟುತ್ತಿದ್ದವರು ಯೊಶಿವಾರ ಎಂಬ ಹಳೆಯ ವೇಶ್ಯಾಕೇರಿಯ ಒಯಿರಾನ್‌ಗಳು, ಅವರ ಕಸುಬು ಬೇರೆ. ಹಾಗಂತ ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಬಡ ಮನೆಯವರು ಹೆಣ್ಣುಮಕ್ಕಳನ್ನು ಸಾಲಕ್ಕೆ ಬಿಟ್ಟುಹೋದ ಕಥೆಗಳು ಸುಳ್ಳಲ್ಲ. ಈಗ ಬರುವವರು ತಾವಾಗಿ ಬರುತ್ತಾರೆ, ಸಾಮಾನ್ಯವಾಗಿ ಹದಿನೈದು ಹದಿನಾರು ವಯಸ್ಸಿಗೆ. ಐದಾರು ವರ್ಷ ಕುಣಿತ, ಶಾಮಿಸೆನ್ ಎಂಬ ತಂತಿವಾದ್ಯ, ಚಹಾ ವಿಧಿ ಎಲ್ಲ ಕಲಿತ ಮೇಲೆ ಕೆಂಪು ಕಾಲರ್ ಹೋಗಿ ಬಿಳಿ ಕಾಲರ್ ಬರುತ್ತದೆ. ಆಗ ಅವಳು ಗೇಕೊ.

ನನಗೆ ಈ ಪತ್ರ ಬರೆಸಿದ್ದು ಹೋದ ನವೆಂಬರಿನ ಒಂದು ಸಂಜೆ. ಸಣ್ಣಗೆ ಮಳೆ. ಶಿಜೊ ರಸ್ತೆಯ ಮೂಲೆಯಲ್ಲಿ ಇಚಿರಿಕಿ ಚಹಾಮನೆಯ, ಅಂದರೆ ಗೇಕೊಗಳು ಅತಿಥಿಗಳನ್ನು ರಂಜಿಸುವ ಮನೆಯ, ಕೆಂಪು ಗೋಡೆ ದಾಟಿ ಬರುತ್ತಿದ್ದೆ. ಗಲ್ಲಿಯೊಂದರಿಂದ ಮೈಕೊ ಒಬ್ಬಳು ಹೊರಬಂದಳು. ಬಲಗೈಯಲ್ಲಿ ಕೊಡೆ. ಎಡಗೈಯಲ್ಲಿ ಕಿಮೊನೊದ ಅಂಚು, ನೆನೆಯದ ಹಾಗೆ ಎತ್ತಿ ಹಿಡಿದಿದ್ದಳು. ಕಾಲಲ್ಲಿ ಸುಮಾರು ಅರ್ಧ ಗೇಣು ಎತ್ತರದ ಮರದ ಚಪ್ಪಲಿ, ಒಕೊಬೊ. ನಾಲ್ಕು ಜನ ಹಿಂದೆ ಬಿದ್ದರು. ಒಬ್ಬ ಅವಳ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಫೋನ್ ಹಿಡಿದ. ಇನ್ನೊಬ್ಬಳು ತೋಳಿನ ಜೋಲು ಹಿಡಿದು ನಿಲ್ಲಿಸಿದಳು. ಬಿಡಿಸಿಕೊಳ್ಳೋಣ ಅಂದರೆ ಪಾಪ, ಆ ಹುಡುಗಿಗೆ ಖಾಲಿ ಕೈಯೇ ಇರಲಿಲ್ಲ. ಕಿರುಚಲಿಲ್ಲ, ಬೈಯಲಿಲ್ಲ. ತಲೆ ಬಾಗಿಸಿ, ಕೊನೆಗೆ ಎತ್ತಿದ್ದ ಅಂಚನ್ನೇ ಕೈಬಿಟ್ಟು ತೋಳು ಎಳೆದುಕೊಂಡಳು. ಅಂಚು ನೀರಿಗೆ ಬಿತ್ತು. ನಾನು ಜೋರಾಗಿ ಜಪಾನಿಯಲ್ಲಿ ಏನೋ ಕೂಗಿದೆ. ನನಗೆ ಸಿಟ್ಟು ಬಂದರೆ ವ್ಯಾಕರಣ ನೆಟ್ಟಗಿರುವುದಿಲ್ಲ. ಅವರು ನಗುತ್ತಾ ಹೋದರು.

ಅವಳು ಹೊರಟಿದ್ದು ಕೆಲಸಕ್ಕೆ. ಹಿಂದೆ ಎಷ್ಟು ಊದುಬತ್ತಿ ಉರಿಯಿತು ಅಂತ ಎಣಿಸಿ ಅವರ ಸಂಬಳದ ಲೆಕ್ಕ ಹಾಕುತ್ತಿದ್ದರು. ಹೊತ್ತೇ ಅವರ ದುಡಿಮೆ ಅಲ್ವಾ?

ಗಲ್ಲಿಗಳ ವಿಷಯಕ್ಕೆ ಬಂದರೆ, ಹನಾಮಿಕೊಜಿ ಸಾರ್ವಜನಿಕ ರಸ್ತೆ, ಸರಿ. ಆದರೆ ಪಕ್ಕದ ಎಷ್ಟೋ ಗಲ್ಲಿಗಳು ಅಲ್ಲಿನ ನಿವಾಸಿಗಳ ಸ್ವಂತ ಜಾಗ. 2024ರಿಂದ ಅಂಥ ಗಲ್ಲಿಗಳಿಗೆ ಪ್ರವಾಸಿಗರು ಬರಬಾರದು ಅಂತ ಬೋರ್ಡ್ ಹಾಕಿದ್ದಾರೆ, ದಂಡ 10,000 ಯೆನ್. ನಿಮ್ಮ ಮಾತು ನಂಬಿ ಇಣುಕಿದ ಓದುಗರಿಗೆ ಅದನ್ನು ಕಟ್ಟಿಕೊಡುವವರು ಯಾರು?

ನೋಡಬೇಕು ಅನ್ನುವವರಿಗೆ ದಾರಿ ಇದೆ. ಏಪ್ರಿಲ್‌ನಲ್ಲಿ ಗಿಯೊನ್ ಕೊಬು ಕಬುರೆಂಜೊ ರಂಗಮಂದಿರದಲ್ಲಿ ಮಿಯಾಕೊ ಒದೊರಿ ನಡೆಯುತ್ತದೆ. ರಾಜಧಾನಿ ಟೋಕಿಯೊಗೆ ಹೋಗಿ ಊರು ಮಂಕಾಗಿದ್ದಾಗ, 1872ರಲ್ಲಿ, ಶುರುವಾದ ನೃತ್ಯ ಅದು. ಒಳಗಿನಿಂದ ‘ಮಿಯಾಕೊ ಒದೊರಿ ವಾ’ ಅಂತ ಕೂಗು, ‘ಯೊಯ್ಯಾಸಾ’ ಅಂತ ಉತ್ತರ, ಒಂದೇ ನೀಲಿ ಬಣ್ಣದ ಕಿಮೊನೊದಲ್ಲಿ ಎರಡೂ ಕಡೆಯಿಂದ ಗೇಕೊ, ಮೈಕೊಗಳ ಸಾಲು ಬರುತ್ತದೆ. ಟಿಕೆಟ್ ಇದ್ದರೆ ಸಾಕು. ಚಹಾಮನೆಗಳಿಗೆ ಹೋಗಲು ಪರಿಚಯದವರು ಬೇಕು, ಇಲ್ಲಿ ಹಾಗಿಲ್ಲ. ಫೆಬ್ರವರಿ 25ಕ್ಕೆ ಕಿತಾನೊ ತೆನ್ಮಾಂಗು ಗುಡಿಯ ಪ್ಲಮ್ ಹೂವಿನ ಹಬ್ಬದಲ್ಲಿ ಕಮಿಶಿಚಿಕೆನ್ ಬಡಾವಣೆಯ ಗೇಕೊ, ಮೈಕೊಗಳೇ ಚಹಾ ಕೊಡುತ್ತಾರೆ. ನಾನು ಎರಡು ಸಲ ಹೋಗಿದ್ದೇನೆ. ವಿಪರೀತ ಚಳಿ.

ನಿಮ್ಮ ವೆಬ್‌ಸೈಟಿನಲ್ಲಿ ಆ ಸೆಲ್ಫಿ ಸಾಲು ಇವತ್ತು ಬೆಳಿಗ್ಗೆಯೂ ಇತ್ತು. ದಯವಿಟ್ಟು ತೆಗೆದುಹಾಕಿ. ಫೋಟೊದ ಅಡಿಬರಹವನ್ನೂ ತಿದ್ದಿ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ, ಕ್ಯೋಟೊ